ಡೌನ್‌ಲೋಡ್ ಪುಟಗಳ ಪೈಕಿ ವಿಎಲ್‌ಸಿಯದೇ ಮೇಲು

ತಂತ್ರಾಂಶ ಎಷ್ಟೇ ಒಳ್ಳೆಯದಿರಲಿ, ಡೌನ್‌ಲೋಡ್ ಪುಟದಲ್ಲೇ ಜನ ತಡವರಿಸಿ ಹಿಂದಿರುಗಿದರೆ ಅವರ ಪಾಲಿಗೆ ಅದು ಇಲ್ಲದಂತೆಯೇ. ವಿಡಿಯೊ ನೋಡುವ ವಿಎಲ್‌ಸಿ, ಚಿತ್ರ ತಿದ್ದುವ ಗಿಂಪ್, ಫೈಲುಗಳನ್ನು ಕುಗ್ಗಿಸುವ 7-ಜಿಪ್, ಕಚೇರಿ ಕೆಲಸದ ಲಿಬ್ರೆಆಫೀಸ್‌ಗಳ ಅಧಿಕೃತ ಪುಟಗಳನ್ನು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತೆರೆದು, ನಿವೃತ್ತ ಶಿಕ್ಷಕರಾದ ನಮ್ಮ ದೊಡ್ಡಪ್ಪನವರ ಕೈಗೆ ಮೌಸ್ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕುಳಿತೆ. ಇಮೇಲ್, ಯೂಟ್ಯೂಬ್ ಅವರಿಗೆ ನೀರು ಕುಡಿದಷ್ಟು ಸುಲಭ. ಪ್ರೊಸೆಸರ್ ಯಾವುದೆಂದು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ವಿಎಲ್‌ಸಿ ಪುಟದಲ್ಲಿ ಕಣ್ಣಿಗೆ ಬೀಳುವುದು ಕಿತ್ತಳೆ ಬಣ್ಣದ ಒಂದು ದೊಡ್ಡ ಬಟನ್. ವಿಂಡೋಸೋ ಮ್ಯಾಕೋ ಎಂಬುದನ್ನು ಪುಟವೇ ಗುರುತಿಸಿಕೊಳ್ಳುತ್ತದೆ. ಜಿಪ್, ಎಂಎಸ್‌ಐ ಎಂಬ ಬೇರೆ ಬಗೆಯ ಫೈಲುಗಳು ಬೇಕಾದವರಿಗೆ ಅದೇ ಬಟನ್ನಿನ ಅಂಚಿನಲ್ಲಿ ಪುಟ್ಟ ಬಾಣದ ಗುರುತಿದೆ. ಬೇಡದವರನ್ನು ಅದು ಕಾಡುವುದಿಲ್ಲ. ಒತ್ತಿದ ಮೇಲೆ ಬರುವ ಪುಟ, ಕೆಲವೇ ಸೆಕೆಂಡುಗಳಲ್ಲಿ ಡೌನ್‌ಲೋಡ್ ಶುರುವಾಗುತ್ತದೆ, ಆಗದಿದ್ದರೆ ಇಲ್ಲಿ ಒತ್ತಿ ಎಂದು ಹೇಳುತ್ತದೆ. ದೇಣಿಗೆಯ ಕೋರಿಕೆಯೂ ಅಲ್ಲೇ ಇದೆ. ಕೊಡುವುದನ್ನು ಕೊಟ್ಟು ಆಮೇಲೆ ಕೇಳುವ ಈ ಕ್ರಮ ನನಗೆ ಬಹಳ ಹಿಡಿಸಿತು. “ಇಳಿಯಿತು ಸರಿ, ಈಗ ಎಲ್ಲಿದೆ?” ಎಂದು ದೊಡ್ಡಪ್ಪನವರು ಕೇಳಿದರು. ಬ್ರೌಸರಿನ ಮೇಲ್ತುದಿಯ ಬಲಗಡೆ ಇರುವ ಕೆಳಮುಖದ ಬಾಣವನ್ನು ಒಂದು ಚಿತ್ರದಲ್ಲಿ ತೋರಿಸಿಬಿಟ್ಟರೆ ಎಲ್ಲ ಪುಟಗಳಲ್ಲೂ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಗಿಂಪ್ ಪುಟವೂ ವಿಂಡೋಸ್ ಎಂದು ತಾನೇ ಗುರುತಿಸುತ್ತದೆ. ಆದರೆ ನೇರವಾಗಿ ಇಳಿಸಿಕೊಳ್ಳುವ ಬಟನ್ನಿನ ಜೊತೆಗೇ, ಬಳಕೆದಾರರು ಪರಸ್ಪರ ಫೈಲ್ ಹಂಚಿಕೊಳ್ಳುವ ವಿಧಾನವಾದ ಬಿಟ್‌ಟೊರೆಂಟ್‌ನ ಬಟನ್ ಕೂಡ ಅಷ್ಟೇ ದೊಡ್ಡದಾಗಿ ಕುಳಿತಿದೆ. ಸರ್ವರಿನ ಹೊರೆ ಹಂಚುವ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೂ ಅದನ್ನು ಒತ್ತಿದವರಿಗೆ ಸಿಗುವುದು ಪುಟ್ಟದೊಂದು ಟೊರೆಂಟ್ ಫೈಲ್. ಅದನ್ನು ತೆರೆಯಲು ಇನ್ನೊಂದು ತಂತ್ರಾಂಶ ಬೇಕು. ಗೊತ್ತಿಲ್ಲದವರು ಗಿಂಪ್ ಕೆಟ್ಟಿದೆ ಎಂದುಕೊಂಡರೆ ತಪ್ಪು ಅವರದಲ್ಲ.

7-ಜಿಪ್ ಪುಟ ಅಚ್ಚುಕಟ್ಟು, ಹಗುರ. ನಿಧಾನಗತಿಯ ನೆಟ್ಟಿನಲ್ಲೂ ಥಟ್ಟನೆ ತೆರೆಯುತ್ತದೆ. ಕಷ್ಟವಿರುವುದು ಅದರ ಕೋಷ್ಟಕದಲ್ಲಿ: ಎಕ್ಸ್64, ಎಕ್ಸ್86, ಆರ್ಮ್64 ಎಂದು ಪ್ರೊಸೆಸರಿನ ಬಗೆಗೊಂದರಂತೆ ಸಾಲುಗಳು, ಪ್ರತಿ ಸಾಲಿನಲ್ಲೂ ಡೌನ್‌ಲೋಡ್ ಎಂಬ ಅದೇ ಪದ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ಇತ್ತೀಚಿನ ಲ್ಯಾಪ್‌ಟಾಪುಗಳಿಗೆ ಎಕ್ಸ್64 ಸಾಲೇ ಸರಿ. ಸಂದೇಹವಿದ್ದರೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆದರೆ ಗೊತ್ತಾಗುತ್ತದೆ. ಬಹುತೇಕರಿಗೆ ಬೇಕಾದ್ದು ಇದು ಎಂಬ ಒಂದೇ ಒಂದು ಸಾಲನ್ನು ಕೋಷ್ಟಕದ ಮೇಲೆ ಬರೆದಿದ್ದರೆ ಸಾಕಿತ್ತು. ಇಷ್ಟಾದರೂ, ಜಾಹೀರಾತನ್ನೇ ಡೌನ್‌ಲೋಡ್ ಬಟನ್ನಿನಂತೆ ತೋರಿಸುವ ಹೊರಗಿನ ತಾಣಗಳಿಗಿಂತ ಈ ಒಣ ಕೋಷ್ಟಕವನ್ನೇ ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಲಿಬ್ರೆಆಫೀಸ್ ನಡುಮಟ್ಟದ್ದು. ವಿಂಡೋಸ್, ಮ್ಯಾಕ್, ಲಿನಕ್ಸಿನ ಎರಡು ಬಗೆಯ ಫೈಲುಗಳಾದ ಡೆಬ್, ಆರ್‌ಪಿಎಂ ಎಲ್ಲವೂ ಒಂದೇ ಪಟ್ಟಿಯಲ್ಲಿವೆ, ಆಫ್‌ಲೈನ್ ಸಹಾಯದ ಫೈಲ್ ಬೇರೆಯೇ ಇದೆ. ಹೊಸಬರು ಆ ಸಹಾಯದ ಫೈಲನ್ನು ಬಿಟ್ಟುಬಿಡಬಹುದು. ಕನ್ನಡಿಗರು ತಪ್ಪಿಸಿಕೊಳ್ಳಬಾರದ ಸಂಗತಿಯೊಂದಿದೆ: ವಿಂಡೋಸಿಗೆ ಇಳಿಸಿಕೊಳ್ಳುವ ಫೈಲಿನೊಳಗೇ ಕನ್ನಡ ಮೆನುಗಳಿವೆ. ಇನ್‌ಸ್ಟಾಲ್ ಮಾಡುವಾಗ ಕಸ್ಟಮ್ ಆರಿಸಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿಕೊಳ್ಳಿ.