ಒಂದೇ ಪರದೆಯೋ, ಒಬ್ಬೊಬ್ಬರಿಗೂ ಲ್ಯಾಪ್‌ಟಾಪೋ?

ಇಂಟರ್ನೆಟ್ಟಿನ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ (ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್) ವರ್ಷಕ್ಕೆ ಮೂರು ಬಾರಿ ಒಂದೊಂದು ಊರಿನಲ್ಲಿ ಸಭೆ ಸೇರುತ್ತದೆ. ವಿಮಾನದ ಖರ್ಚು ನಮ್ಮ ಕೈಗೆಟುಕುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲೇ ಒಂದೆಡೆ ಕುಳಿತು ಆನ್‌ಲೈನ್‌ನಲ್ಲಿ ಭಾಗವಹಿಸುತ್ತೇವೆ. ಈ ಕೂಟವನ್ನು ಮೂರು ಬಗೆಯಲ್ಲಿ ನಡೆಸಿ ನೋಡಿದ್ದೇನೆ.

2023ರ ನವೆಂಬರ್‌ನ ಪ್ರಾಗ್ ಸಭೆಗೆ ಕಾಲೇಜೊಂದರ ಸೆಮಿನಾರ್ ಹಾಲ್ ಸಿಕ್ಕಿತು. ಪ್ರೊಜೆಕ್ಟರ್, ಒಂದೇ ಲಾಗಿನ್, ನಲವತ್ತು ಜನ. ಅಲ್ಲಿನ ಬೆಳಗಿನ ಒಂಬತ್ತೂವರೆ ನಮಗೆ ಮಧ್ಯಾಹ್ನದ ಎರಡು. ಊಟ ಮುಗಿಸಿ ಎಲ್ಲರೂ ಬಂದರು. ಹಾಲ್‌ನ ವೈಫೈಯಲ್ಲಿ ಸಭೆಯ ಧ್ವನಿಯೇ ಬರಲಿಲ್ಲ, ನನ್ನ ಮೊಬೈಲ್ ಹಾಟ್‌ಸ್ಪಾಟ್ ಕಾಪಾಡಿತು. ಅದನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ: ಮಾನದಂಡದ ಕರಡೊಂದರ ಬಗ್ಗೆ ಅಧ್ಯಕ್ಷರು ಕೈ ಎತ್ತಿಸಿ ಅಭಿಪ್ರಾಯ ಕೇಳಿದಾಗ ನಮ್ಮಲ್ಲಿ ಹದಿನೈದು ಕೈಗಳೆದ್ದವು. ಲಾಗಿನ್ ಒಂದೇ ಆದ್ದರಿಂದ ಲೆಕ್ಕಕ್ಕೆ ಬಂದದ್ದು ಒಂದು. ಹಾಜರಿಯಲ್ಲೂ ನನ್ನ ಹೆಸರೊಂದೇ. ಐಇಟಿಎಫ್‌ನ ನಾಯಕರನ್ನು ಆರಿಸುವ ಸಮಿತಿಗೆ ಅರ್ಹರಾಗುವ ಒಂದು ದಾರಿ, ಹಿಂದಿನ ಐದು ಸಭೆಗಳಲ್ಲಿ ಮೂರಕ್ಕೆ ಹಾಜರಾಗುವುದು. ಆನ್‌ಲೈನ್ ಹಾಜರಿಯೂ ಅದಕ್ಕೆ ಸಲ್ಲುತ್ತದೆ. ಆ ಅವಕಾಶದ ಮೊದಲ ಮೆಟ್ಟಿಲನ್ನೇ ಮೂವತ್ತೊಂಬತ್ತು ಜನರಿಗೆ ನಾನು ತಪ್ಪಿಸಿದ್ದೆ.

2024ರ ಜುಲೈನ ವ್ಯಾಂಕೂವರ್ ಸಭೆ ನಮಗೆ ರಾತ್ರಿ ಹತ್ತಕ್ಕೆ ಆರಂಭ. ಗೆಳೆಯನ ಮನೆಯಲ್ಲಿ ಆರು ಜನ ಕುಳಿತೆವು. ರಾತ್ರಿ ಒಂದು ಗಂಟೆಯ ಹೊತ್ತಿಗೆ ಮೂವರು ದಿಂಬಿಗೆ ಒರಗಿದ್ದರು. ಮರುದಿನದಿಂದ ಸಂಜೆ ಸಭೆಯ ರೆಕಾರ್ಡ್ ಆದ ವಿಡಿಯೊ ನೋಡಿದೆವು. ಕಲಿಯುವುದಕ್ಕೆ ಇದರಷ್ಟು ಒಳ್ಳೆಯ ದಾರಿ ಇಲ್ಲ. ಬೇಕೆಂದಲ್ಲಿ ನಿಲ್ಲಿಸಿ ಕನ್ನಡದಲ್ಲಿ ಬಿಡಿಸಿ ಹೇಳಬಹುದು. ಆದರೆ ಪ್ರಶ್ನೆ ಕೇಳುವ ಹೊತ್ತು ಕಳೆದಿರುತ್ತದೆ.

ಆ ನವೆಂಬರ್‌ನ ಡಬ್ಲಿನ್ ಸಭೆಗೆ ಪುಟ್ಟ ಕೋಣೆಯೊಂದರಲ್ಲಿ ಹನ್ನೊಂದು ಜನ, ಹನ್ನೊಂದು ಲ್ಯಾಪ್‌ಟಾಪ್. ಆನ್‌ಲೈನ್ ಭಾಗವಹಿಸುವವರಿಗೆ ಶುಲ್ಕ ವಿನಾಯಿತಿ ಇರುವುದರಿಂದ ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡರು. ಧ್ವನಿ ಟಿವಿಯಿಂದ ಮಾತ್ರ, ಉಳಿದೆಲ್ಲ ಲ್ಯಾಪ್‌ಟಾಪ್‌ಗಳು ಮೌನ. ಯಾರಾದರೂ ಮೈಕ್ ತೆರೆದರೆ ಅವರು ಇಯರ್‌ಫೋನ್ ಹಾಕಿಕೊಳ್ಳಬೇಕು, ಟಿವಿ ಬಂದ್ ಆಗಬೇಕು. ಇಲ್ಲವಾದರೆ ಕೋಣೆ ಕಿರುಚುತ್ತದೆ. ಅದಕ್ಕೆಂದೇ ಒಬ್ಬರು ರಿಮೋಟ್ ಹಿಡಿದು ಕುಳಿತಿರಬೇಕು.

ಎರಡನೇ ದಿನ ಮೂರನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಶ್ನೆಯನ್ನು ನೋಟ್‌ಬುಕ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡು ಸರದಿಗೆ ಸೇರಿದಳು. ಅದಕ್ಕೂ ಮೊದಲು ಪಕ್ಕದವನೊಡನೆ ಕನ್ನಡದಲ್ಲಿ ಪಿಸುಗುಟ್ಟಿ, ಒಂದು ಪದ ಹೊಡೆದು ಇನ್ನೊಂದು ಬರೆದಿದ್ದಳು. ಸರದಿ ಬಂದಾಗ ಟಿವಿ ಬಂದಾಯಿತು. ಹೆಸರು ಹೇಳಿ ಪ್ರಶ್ನೆ ಓದಿದಳು. ಕರಡಿನ ಲೇಖಕರು ಅರೆಕ್ಷಣ ತಡೆದು, ಆ ಭಾಗ ಸ್ಪಷ್ಟವಾಗಿಲ್ಲ, ಮುಂದಿನ ಆವೃತ್ತಿಯಲ್ಲಿ ತಿದ್ದುತ್ತೇನೆ ಎಂದರು. ನಮ್ಮಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಮೈಕ್ ಇನ್ನೂ ತೆರೆದಿತ್ತು. ಅವಳ ಕೈ ಮಾತ್ರ ನೋಟ್‌ಬುಕ್ಕಿನ ಮೇಲೆ ಸಣ್ಣಗೆ ನಡುಗುತ್ತಿತ್ತು.

ಜನರ ಎಣಿಕೆ ನಲವತ್ತರಿಂದ ಹನ್ನೊಂದಕ್ಕೆ ಇಳಿದದ್ದಕ್ಕೆ ನನಗೆ ಬೇಸರವಿಲ್ಲ. ಮೂರರಲ್ಲಿ ನನ್ನ ಆಯ್ಕೆ ಇದೇ. 2025ರ ಮಾರ್ಚ್‌ನ ಬ್ಯಾಂಕಾಕ್ ಸಭೆಯನ್ನೂ ಹೀಗೆಯೇ ನಡೆಸಿದೆವು. ಬೆಳಗ್ಗೆ ಎಂಟಕ್ಕೆ ಆರಂಭ, ಇಡ್ಲಿ ಪೊಟ್ಟಣ ಬಿಚ್ಚುತ್ತಲೇ ಲಾಗಿನ್. ದೊಡ್ಡ ಹಾಲನ್ನು ಈಗ ಸಭೆಯ ಹಿಂದಿನ ಶನಿವಾರಕ್ಕೆ ಕೇಳುತ್ತೇನೆ. ಅಲ್ಲಿ ಪ್ರೊಜೆಕ್ಟರ್ ಮೇಲೆ ಕರಡುಗಳನ್ನು ಸಾಲು ಸಾಲಾಗಿ ಓದುತ್ತೇವೆ, ಕನ್ನಡದಲ್ಲಿ ಜಗಳವಾಡುತ್ತೇವೆ.