ಸಿರಿಗುವಿನ ಮಣ್ಣಿನ ಮನೆಗಳು: ನೋಡಿ ಬರಬೇಡಿ, ಕೈ ಕೆಸರು ಮಾಡಿಕೊಂಡು ಬನ್ನಿ

ಉತ್ತರ ಘಾನಾ ಕಡೆ ಹೋಗುವವರು ಸಿರಿಗುವಿನಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ. ಬುರ್ಕಿನಾ ಫಾಸೊ ಗಡಿಗೆ ಹತ್ತಿರದ ಹಳ್ಳಿ. ಇಲ್ಲಿನ ಹೆಂಗಸರು 1997ರಲ್ಲಿ ಸ್ವೋಪಾ ಅನ್ನುವ ಸಂಘ ಕಟ್ಟಿಕೊಂಡರು. ಮಡಕೆ, ಬುಟ್ಟಿ, ಗೋಡೆ ಚಿತ್ತಾರ ಎಲ್ಲವನ್ನೂ ಬಂದವರಿಗೆ ಕಲಿಸುತ್ತಾರೆ. ಅವರದ್ದೇ ಅತಿಥಿಗೃಹವೂ ಇದೆ, ಅದರ ಗೋಡೆಗಳ ಮೇಲೂ ಅದೇ ಚಿತ್ತಾರ.

ಸುಮ್ನೆ ಊರು ಸುತ್ತಿ ಫೋಟೋ ತೆಗೆದುಕೊಂಡು ಹೋಗುವವರೇ ಜಾಸ್ತಿ. ನಾನು ಹೇಳುವುದು, ಗೋಡೆ ಚಿತ್ತಾರದ ತರಗತಿಗೆ ಸೇರಿಕೊಳ್ಳಿ. ಗೋಡೆ ಎಬ್ಬಿಸುವುದು ಗಂಡಸರ ಕೆಲಸ. ಹಸಿ ಮಣ್ಣು ಒಂದು ವರಸೆ ಇಟ್ಟು, ಅದು ಒಣಗಿದ ಮೇಲೆಯೇ ಇನ್ನೊಂದು. ಅಲ್ಲಿಂದ ಮುಂದಿನದು ಹೆಂಗಸರದ್ದು. ಮಣ್ಣಿಗೆ ಸಗಣಿ ಕಲಸಿ ಮೆತ್ತುತ್ತಾರೆ, ಕೆಂಪು, ಕಪ್ಪು, ಬಿಳಿ ಬಳಿಯುತ್ತಾರೆ. ಬಣ್ಣವೆಲ್ಲ ಅಲ್ಲಿಯದೇ ಕಲ್ಲು, ಮಣ್ಣು ಅರೆದು ಮಾಡಿದ್ದು. ನಿಜವಾದ ಕೆಲಸ ಇರುವುದು ಆಮೇಲೆ. ಗೋಡೆ ಇನ್ನೂ ಹಸಿ ಇರುವಾಗಲೇ ಅಂಗೈಯಲ್ಲಿ ಹಿಡಿಯುವಷ್ಟು ನುಣುಪು ಕಲ್ಲಿನಿಂದ ಒತ್ತಿ ಒತ್ತಿ ಉಜ್ಜಬೇಕು. ಬಣ್ಣ ಮಣ್ಣಿನೊಳಗೆ ಕೂರುತ್ತದೆ, ನಿಧಾನಕ್ಕೆ ಹೊಳಪು ಬರುತ್ತದೆ. ನನಗೆ ಕಲಿಸಿದ ಅಜ್ಜಿ ನನ್ನ ಮಣಿಕಟ್ಟು ಹಿಡಿದು ಎಷ್ಟು ಒತ್ತಬೇಕು ಅಂತ ತೋರಿಸಿದರು. ಕೊನೆಗೆ ದವದವ ಅನ್ನುವ ಅಲ್ಲಿಯ ಮರದ ಕಾಯಿಯ ಸಿಪ್ಪೆ ಕುದಿಸಿದ ಕಂದು ನೀರನ್ನು ಗೋಡೆಗೆ ಎರಚುತ್ತಾರೆ. ಅದೇ ಅವರ ವಾರ್ನಿಷ್.

ಚಿತ್ತಾರಕ್ಕೆ ಅವರು ಬಂಬೊಲ್ಸೆ ಅನ್ನುತ್ತಾರೆ. ಸಾಲು ಸಾಲು ತ್ರಿಕೋನ ಕಂಡರೆ ಅದು ಒಡೆದ ಸೋರೆಬುರುಡೆಯ ಚೂರು. ಹೆಬ್ಬಾವು, ಮೊಸಳೆ, ಹಸು ಎಲ್ಲ ಇವೆ.

ಹಳೆಯ ಮನೆಗಳ ಒಳಗೆ ಹೋಗಲು ಪೂರ್ತಿ ಬಗ್ಗಬೇಕು. ಬಾಗಿಲು ದಾಟಿದ ಕೂಡಲೇ ಒಂದು ಗಿಡ್ಡ ಗೋಡೆ ಅಡ್ಡ ಇರುತ್ತದೆ. ಶತ್ರು ನುಗ್ಗಿದರೆ ಮೊದಲು ಒಳಗೆ ಬರುವುದು ಅವನ ತಲೆ. ಒಳಗಿದ್ದವರಿಗೆ ಅಷ್ಟು ಸಾಕಲ್ವಾ! ಇಷ್ಟು ಯೋಚಿಸಿ ಕಟ್ಟಿದ ಬಾಗಿಲನ್ನು ನಾನು ಬೇರೆಲ್ಲೂ ನೋಡಿಲ್ಲ. ಮಾಳಿಗೆ ಸಪಾಟು, ಕಾಳು ಒಣಗಿಸುವುದು ಅಲ್ಲೇ.

ಬೇಸರವಾಗಿದ್ದು ದಾರಿ ಮಾತ್ರ. ಹತ್ತಿರದ ದೊಡ್ಡ ಊರು ಬೋಲ್ಗಟಾಂಗಾದಲ್ಲಿ ಹತ್ತಿದ ಶೇರ್ ಕಾರು ಸೀಟು ಭರ್ತಿಯಾಗುವ ತನಕ ಕದಲಲಿಲ್ಲ. ಬೆಳಿಗ್ಗೆ ಬೇಗ ಹೊರಡಿ. ಮಳೆಗಾಲ ಬೇಡ. ಸುಗ್ಗಿ ಮುಗಿದ ಮೇಲೆ, ಒಣ ಹವೆಯಲ್ಲಿ ಹೋದರೆ ಮನೆಗಳಿಗೆ ಹೊಸದಾಗಿ ಬಣ್ಣ ಹಚ್ಚುವುದನ್ನೂ ನೋಡಬಹುದು. ಘಾನಾದ ಹಣ ಸೆಡಿಯನ್ನು ನಗದಾಗಿ ಇಟ್ಟುಕೊಂಡಿರಿ. ಮಡಕೆ, ಕ್ಯಾನ್ವಾಸ್ ಚಿತ್ರ ಕೊಳ್ಳುವುದಿದ್ದರೆ ಸಂಘದ ಅಂಗಡಿಯಲ್ಲೇ ಕೊಳ್ಳಿ, ಮಾಡಿದವರೇ ಅಲ್ಲಿ ಕೂತಿರುತ್ತಾರೆ. ವಾಪಸ್ ಬರುವಾಗ ನವ್ರೊಂಗೊ ಪಟ್ಟಣದ ಮಣ್ಣಿನ ಚರ್ಚನ್ನೂ ನೋಡಿ. ಅದರ ಒಳಗೋಡೆಗಳ ಚಿತ್ತಾರವೂ ಈ ಕಡೆಯ ಹೆಂಗಸರದ್ದೇ.