ಟಿಬಿ ಬಂದವರ ಮನೆಯವರಿಗೆ ಸರ್ಕಾರಿ ತಡೆ ಮಾತ್ರೆ: ಹೇಗಿದೆ ಈ ಸೇವೆ?

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಟಿಬಿ ಬಂದರೆ ಉಳಿದವರಿಗೂ ಸರ್ಕಾರ ಪುಕ್ಕಟೆ ತಡೆ ಚಿಕಿತ್ಸೆ ಕೊಡುತ್ತದೆ. ನಮಗೂ ಇದು ಗೊತ್ತಿರಲಿಲ್ಲ. ಹೆಂಡತಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ರೋಗಿಗೆ ಟಿಬಿ ಅಂತ ರಿಪೋರ್ಟ್ ಬರುವಷ್ಟರಲ್ಲಿ ಅವರು ಕೆಮ್ಮುತ್ತಾ ಜನರಲ್ ವಾರ್ಡಿನಲ್ಲೇ ಮಲಗಿರುತ್ತಾರೆ, ಎಸಿ ಅಂತ ಕಿಟಕಿ ಮುಚ್ಚಿರುತ್ತದೆ, ಎನ್95 ಮಾಸ್ಕ್ ಕೇಳಿದರೆ ಅದು ಐಸಿಯುಗೆ ಮಾತ್ರ ಅಂತಾರೆ. ಇನ್ನೇನಾಗುತ್ತೆ? ಇವಳಿಗೂ ಟಿಬಿ ಬಂತು.

ಸೇವೆಯ ವಿಷಯಕ್ಕೆ ಬರೋಣ. ಇವಳ ಹೆಸರು ನಿಕ್ಷಯ್‌ನಲ್ಲಿ (ಟಿಬಿ ರೋಗಿಗಳ ಸರ್ಕಾರಿ ಆನ್‌ಲೈನ್ ನೋಂದಣಿ) ಸೇರಿದ ಮೇಲೆ ಆಶಾ ಕಾರ್ಯಕರ್ತೆ ಮನೆಗೇ ಬಂದರು. ಎಲ್ಲರಿಗೂ ಎಕ್ಸ್‌ರೇ ಆಯಿತು. ಕಾಯಿಲೆ ಇಲ್ಲ ಅಂತ ಖಾತ್ರಿಯಾದ ಮೇಲೆ ಅತ್ತೆಗೂ ನನಗೂ ವಾರಕ್ಕೊಮ್ಮೆ ನುಂಗುವ ಮಾತ್ರೆ, ಒಟ್ಟು 12 ವಾರ. ಐದು ವರ್ಷ ತುಂಬದ ಮಗನಿಗೆ ತೂಕ ನೋಡಿ ಐಸೋನಿಯಜಿಡ್ ಅನ್ನುವ ಮಾತ್ರೆ, ದಿನಾ, ಆರು ತಿಂಗಳು. ಒಂದು ರೂಪಾಯಿ ಖರ್ಚಿಲ್ಲ. ಆದರೆ ಮೂತ್ರ ಕೆಂಪಗೆ ಬರುತ್ತದೆ ಅಂತ ಮೊದಲೇ ಯಾರೂ ಹೇಳಲಿಲ್ಲ. ಅತ್ತೆ ಹೆದರಿ ಮಾತ್ರೆಯನ್ನೇ ಬಿಟ್ಟುಬಿಡ್ತೀನಿ ಅಂತ ಕೂತಿದ್ದರು! ಅದು ಔಷಧಿಯ ಬಣ್ಣ, ಅಷ್ಟೇ.

ಅತ್ತೆ ತಮ್ಮ ಮಗಳ, ಅಂದರೆ ನನ್ನ ಹೆಂಡತಿಯ, ತಟ್ಟೆ ಲೋಟವನ್ನೂ ಬೇರೆ ಇಟ್ಟಿದ್ದರು. ಟಿಬಿ ಹರಡುವುದು ಗಾಳಿಯಿಂದ, ತಟ್ಟೆಯಿಂದಲ್ಲ. ಕಿಟಕಿ ತೆರೆದಿಡಿ, ಮಾತ್ರೆ ತಪ್ಪಿಸಬೇಡಿ ಅಂತ ಆಶಾ ಅವರೇ ಕೂತು ಬಿಡಿಸಿ ಹೇಳಿದರು. ನಾನು ಹೇಳಿದ್ದರೆ ಅತ್ತೆ ಖಂಡಿತ ಕೇಳುತ್ತಿರಲಿಲ್ಲ.

ದುಡ್ಡಿನ ವಿಷಯ. ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ (2024ರ ನವೆಂಬರ್‌ಗೆ ಮುಂಚೆ 500 ಇತ್ತು), ಆದರೆ ರೋಗಿಯ ಹೆಸರಿಗೆ ಮಾತ್ರ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ವೈದ್ಯರ ಮುಂದಾಳತ್ವದಲ್ಲಿ ಜಾರ್ಖಂಡಿನಲ್ಲಿ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೂ ರೇಷನ್ ಕೊಟ್ಟಾಗ ಅವರಲ್ಲಿ ಹೊಸದಾಗಿ ಟಿಬಿ ಬರುವುದು 39% ಕಡಿಮೆಯಾಯಿತಂತೆ. ಮಾತ್ರೆ ಮನೆ ಮಂದಿಗೆಲ್ಲ, ಊಟ ಮಾತ್ರ ಒಬ್ಬರಿಗೆ ಅನ್ನುವುದು ಯಾವ ಲೆಕ್ಕ?

ನನ್ನ ಸಿಟ್ಟು ಇರುವುದು ಬೇರೆ ಕಡೆ. ಮನೆಯಲ್ಲಿ ಎಷ್ಟು ಜನ, ಯಾರಿಗೆ ಕೆಮ್ಮು ಅಂತ ಎಲ್ಲ ಬರೆದುಕೊಂಡರು. ಇವಳು ಯಾವ ವಾರ್ಡಿನಲ್ಲಿ ಕೆಲಸ ಮಾಡುತ್ತಾಳೆ, ಜೊತೆಯ ನರ್ಸ್‌ಗಳಿಗೆ ಎಕ್ಸ್‌ರೇ ಆಗಿದೆಯಾ ಅಂತ ಕೇಳಲೇ ಇಲ್ಲ. ಆಸ್ಪತ್ರೆಯವರಂತೂ ರಜೆಯನ್ನೆಲ್ಲ ಅವಳ ಲೆಕ್ಕಕ್ಕೇ ಹಾಕಿ, ಮುಗಿದ ಮೇಲೆ ಸಂಬಳ ಹಿಡಿದರು. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ಕಸುಬಿನಿಂದ ಬರುವ ಕಾಯಿಲೆಗಳ ಪಟ್ಟಿ ಇದೆ, ಅದರ ಮೊದಲ ಸಾಲೇ ಆಸ್ಪತ್ರೆ ಮತ್ತು ಲ್ಯಾಬ್ ಕೆಲಸದಲ್ಲಿ ತಗುಲುವ ಸೋಂಕು. ಇವಳು ಅದನ್ನು ಆಸ್ಪತ್ರೆಯ ಎಚ್‌ಆರ್‌ಗೆ ತೋರಿಸಿದರೆ "ಇಲ್ಲಿಂದಲೇ ಬಂತು ಅನ್ನೋಕೆ ಪ್ರೂಫ್ ಏನು ಮೇಡಂ?" ಅಂದರು.

ಮಾತ್ರೆಗೆ, ಆಶಾ ಅವರಿಗೆ ಐದಕ್ಕೆ ಐದು. ಒಟ್ಟು ಸೇವೆಗೆ ಮೂರೂವರೆ. ನಿಮ್ಮ ಮನೆಯಲ್ಲೂ ಯಾರಾದರೂ ಆಸ್ಪತ್ರೆ ಕೆಲಸದವರಿದ್ದು ಹೀಗಾದರೆ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇದೆಯಾ ನೋಡಿ. ಎರಡು ವರ್ಷ ಕೆಲಸ ಆಗಿದ್ದರೆ ಟಿಬಿಗೆ ದೀರ್ಘ ರಜೆಯಲ್ಲೂ ಸಂಬಳದ 80% ಸಿಗುತ್ತದೆ. ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಹೋಗುವಾಗ ಆಧಾರ್, ಪಾಸ್‌ಬುಕ್ ಜೆರಾಕ್ಸ್ ಜೊತೆಗಿರಲಿ, ಇಲ್ಲದಿದ್ದರೆ ಸುಮ್ನೆ ಎರಡು ಸಲ ಅಲೆಯಬೇಕು.